ಎಡಕ್ಕೆ ಧ್ವನಿ, ಬಲಕ್ಕೆ ಪವರ್

"ನಿಲ್ಲಿ! ಕತ್ತು ಮುರಿಯುತ್ತೆ!"

ಅವನು ಕಿರುಚಿದ್ದಷ್ಟೇ ಅಲ್ಲ, ಕೌಂಟರಿನ ಆಚೆಯಿಂದ ಕೈ ಚಾಚಿ ಅವಳ ಮಣಿಕಟ್ಟನ್ನೇ ಹಿಡಿದುಬಿಟ್ಟ!

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಮೊದಲು ತನ್ನ ಕೈಯನ್ನು ನೋಡಿದಳು, ಆಮೇಲೆ ಅದನ್ನು ಹಿಡಿದಿದ್ದ ಕೈಯನ್ನು ನೋಡಿದಳು, ಕೊನೆಗೆ ಆ ಕೈಯ ಯಜಮಾನನನ್ನು ನೋಡಿದಳು.

ಆ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಅವಳಿಗೆ ಬೆನ್ನ ಹಿಂದೆ ಇಟ್ಟಿದ್ದ ಹೆಸರು ಮೆಣಸಿನಕಾಯಿ. ಲ್ಯಾಪ್‌ಟಾಪ್ ಕೊಂಡವರಿಗೆ ಅದನ್ನು ಬಳಸುವುದು ಹೇಗೆಂದು ಕಲಿಸುವುದು ಅವಳ ಕೆಲಸ. ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಆ ಕೆಲಸವನ್ನು ಅವಳು ಬಹಳ ಚೆನ್ನಾಗಿ ಮಾಡುತ್ತಿದ್ದಳು.

"ಕೈ ಬಿಡ್ತೀರಾ?"

"ನೀವು ಅದನ್ನ ಹಿಂದಕ್ಕೆ ಬಗ್ಗಿಸೋದು ಬಿಡ್ತೀರಾ? ಮೊದಲೇ ಪೆಟ್ಟಾಗಿದೆ!"

ಅವನು ಲ್ಯಾಪ್‌ಟಾಪನ್ನು ಮೆತ್ತನೆಯ ಟವೆಲ್ಲಿನಲ್ಲಿ ಸುತ್ತಿ, ಎದೆಗವಚಿಕೊಂಡು ತಂದಿದ್ದ. ಹಿಂದಿನ ದಿನ ಸ್ವಲ್ಪ ಜೋರಾಗಿ ತೆರೆದನಂತೆ. ಪರದೆ ಬೆನ್ನ ಹಿಂದಕ್ಕೆ ಹೋಗಿಬಿಟ್ಟಿತಂತೆ. ಆಗಿನಿಂದ ಕೀಗಳನ್ನು ಎಷ್ಟು ಒತ್ತಿದರೂ ಒಂದಕ್ಷರವೂ ಬರುತ್ತಿಲ್ಲವಂತೆ.

"ಸಾರ್," ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು, "ಇದು ಕತ್ತು ಮುರಿದಿರೋದಲ್ಲ. ಇದನ್ನ ಹೀಗೆ ಮಡಚೋದಕ್ಕೇ ಮಾಡಿರೋದು. ಹಿಂದಕ್ಕೆ ಮಡಚಿದ್ರೆ ಕೀಗಳು ತಾವಾಗೇ ಸುಮ್ಮನಾಗ್ತವೆ. ಗೊತ್ತಿಲ್ಲದೆ ಕೈ ತಗಲಬಾರದಲ್ಲ, ಅದಕ್ಕೆ. ನೋಡಿ..."

ಅವಳು ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿದಳು. ಅವನು ಕಣ್ಣು ಮುಚ್ಚಿಕೊಂಡ! ಮತ್ತೆ ಮುಂದಕ್ಕೆ ತಂದು ಒಂದು ಕೀ ಒತ್ತಿದಳು. ಅಕ್ಷರ ಮೂಡಿತು.

"ಬದುಕಿದೆ!" ಅಂದ ಅವನು, ಒಂದು ಕಣ್ಣು ಮಾತ್ರ ತೆರೆದು.

"ನೀವು ಏನು ಕೆಲಸ ಮಾಡ್ತೀರಿ?"

"ಪ್ರಾಣಿಗಳ ಡಾಕ್ಟರ್."

ಹಾಗೆ ಹೇಳಿ... ಅವಳ ಮಣಿಕಟ್ಟು ಬಿಟ್ಟ. ಅಲ್ಲಿಯವರೆಗೂ ಹಿಡಿದುಕೊಂಡೇ ಇದ್ದ ಎಂಬುದು ಇಬ್ಬರಿಗೂ ಆಗಲೇ ಗೊತ್ತಾದದ್ದು. ಡಾಕ್ಟರ ಕಿವಿ ಕೆಂಪಾಯಿತು. ಅವಳದೂ ಆಯಿತು, ಆದರೆ ಅವಳು ಅದನ್ನು ಕೋಪದ ಲೆಕ್ಕಕ್ಕೆ ಹಾಕಿಕೊಂಡಳು.

ಡಾಕ್ಟರಿಗೆ ತುರ್ತಿತ್ತು. ಬೇರೆ ಊರುಗಳ ಡಾಕ್ಟರುಗಳಿಗೆ ವಿಡಿಯೋದಲ್ಲಿ ಪಾಠ ಹೇಳುವ ಕೆಲಸ ಒಪ್ಪಿಕೊಂಡಿದ್ದ. ಅದಕ್ಕೆ ಸ್ಕ್ಯಾನಿಂಗ್ ಮೆಷಿನ್ನನ್ನು ಲ್ಯಾಪ್‌ಟಾಪಿಗೆ ಜೋಡಿಸಬೇಕಿತ್ತು. ಎಲ್ಲಿ ಏನು ಚುಚ್ಚಬೇಕೆಂದೇ ತಿಳಿಯದು!

ಅವಳು ಕುರ್ಚಿ ತೋರಿಸಿದಳು. ಪಾಠ ಶುರುವಾಯಿತು.

"ಎಡಗಡೆಯಿಂದ ಬರೋಣ. ಈ ಉದ್ದದ ಬಟನ್ ಧ್ವನಿಗೆ. ಇದರ ಪಕ್ಕದ ಈ ಅಗಲವಾದ ಪೋರ್ಟ್ ದೊಡ್ಡ ಪರದೆಗೆ. ಆಮೇಲಿಂದು ಪೆನ್‌ಡ್ರೈವ್‌ಗೆ. ಇನ್ನು ಬಲಗಡೆ... ಇದು ಪವರ್ ಬಟನ್. ಈ ದುಂಡನೇದು ಇಯರ್‌ಫೋನಿಗೆ."

"ಕಿವಿ ಒಂದೇನಾ?"

"ಒಂದೇ. ಈ ಪುಟ್ಟ ದೀಪ ನೋಡಿ. ಚಾರ್ಜ್ ಆಗ್ತಿದ್ರೆ ಕಿತ್ತಳೆ ಬಣ್ಣ, ತುಂಬಿದ್ಮೇಲೆ ಬಿಳಿ."

"ಹೊಟ್ಟೆ ತುಂಬಿದ್ರೆ ದೀಪ ಹತ್ತುತ್ತಾ! ನನ್ನ ಪೇಷಂಟ್‌ಗಳಿಗೂ ಇಂಥದ್ದೊಂದು ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಮೇಡಂ. ಎಷ್ಟು ತಿಂದ್ರೂ ಉಪವಾಸ ಇರೋರ ಥರ ಮುಖ ಮಾಡ್ತವೆ."

ಅವಳು ತುಟಿ ಬಿಗಿ ಹಿಡಿದಳು. ನಗಬಾರದು... ನಕ್ಕರೆ ಮರ್ಯಾದೆ ಏನಾಗಬೇಕು!

"ಮತ್ತೆ ಈ ಸಣ್ಣ ಕಿಂಡಿ? ಇಲ್ಲಿ ಏನೂ ಹೋಗ್ತಿಲ್ಲ. ರಾತ್ರಿಯೆಲ್ಲ ನೋಡಿದೆ."

"ಅದು ಬೀಗಕ್ಕೆ. ಸರಪಳಿ ಹಾಕಿ ಮೇಜಿಗೆ ಕಟ್ಟಬಹುದು."

ಡಾಕ್ಟರು ಗಂಭೀರವಾಗಿ ಕೇಳಿದರು: "ಯಾಕೆ, ಇದೂ ಓಡಿಹೋಗುತ್ತಾ?"

ಮರ್ಯಾದೆ ಹೋಯಿತು! ಮೆಣಸಿನಕಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಅಂಗಡಿಯಲ್ಲಿ ಅಂಥ ಸದ್ದು ಯಾರೂ ಕೇಳಿರಲಿಲ್ಲ. ಅಂಗಡಿಯ ಯಜಮಾನರು ಏನೋ ಒಡೆದುಹೋಯಿತೆಂದುಕೊಂಡು ಒಳಗಿನಿಂದ ಓಡಿಬಂದರು.

ಕೊಂಡವರು ಬಯಸಿದರೆ ಸಂಜೆ ವಿಡಿಯೋ ಕರೆಯಲ್ಲಿ ಪಾಠ ಮುಂದುವರಿಸುವ ಏರ್ಪಾಡು ಅಂಗಡಿಯಲ್ಲಿತ್ತು. ಡಾಕ್ಟರು ಬಯಸಿದರು. ಬಹಳವೇ ಬಯಸಿದರು.

ಕ್ಯಾಮೆರಾದ ಪಕ್ಕದ ಪುಟ್ಟ ದೀಪ ಹತ್ತಿದರೆ ನೀವು ಕಾಣಿಸುತ್ತಿದ್ದೀರಿ ಎಂದರ್ಥ ಅಂತ ಅವಳು ಹೇಳಿಕೊಟ್ಟ ದಿನದಿಂದ, ದೀಪ ಹತ್ತಿದ ಕೂಡಲೇ ಡಾಕ್ಟರು ಬೆನ್ನು ನೆಟ್ಟಗೆ ಮಾಡಿ, ಕೂದಲು ಒತ್ತಿಕೊಂಡು ಕೂರತೊಡಗಿದರು. ಈ ಕಡೆ ಅವಳು? ಅವಳು ಕೂದಲು ಸರಿಮಾಡಿಕೊಳ್ಳುತ್ತಿದ್ದುದು ದೀಪ ಹತ್ತುವುದಕ್ಕೆ ಎಷ್ಟೋ ಹೊತ್ತು ಮುಂಚೆ.

"ಪೋರ್ಟ್ ತೋರಿಸೋಕೆ ಕಣ್ಣಿಗೆ ಕಾಡಿಗೆ ಯಾಕಕ್ಕಾ?" ಅಂದಳು ಮನೆಯಲ್ಲಿ ಅವಳ ತಂಗಿ.

"ನಿನ್ನ ಕೆಲಸ ನೋಡ್ಕೋ ಹೋಗು!"

ಆದರೆ ತಂಗಿಯ ಅನುಮಾನ ಸುಳ್ಳಾಗಿರಲಿಲ್ಲ. ಅವಳಿಗೆ ಅವನು ಬೇಕಾಗಿದ್ದ. ಪಾಠದ ನಡುವೆ ಕ್ಲಿನಿಕ್ಕಿಗೆ ಬಂದ ಕುಂಟುವ ನಾಯಿಯನ್ನು ಅವನು "ಬಾರೋ ರಾಜ" ಎಂದು ಕರೆಯುವಾಗ, ತಪ್ಪು ತೂತಿಗೆ ವೈರು ಚುಚ್ಚಿ ಲ್ಯಾಪ್‌ಟಾಪಿಗೇ "ಸಾರಿ ಕಣಪ್ಪಾ" ಅನ್ನುವಾಗ, ಅವಳ ಎದೆಯೊಳಗೆ ಏನೋ ಕರಗಿಹೋಗುತ್ತಿತ್ತು. ಹೇಳಬೇಕು. ಆದರೆ ಹೇಗೆ? ಯಾರ ಮುಂದೆಯೂ ಏನನ್ನೂ ಕೇಳಿದವಳಲ್ಲ ಅವಳು. ಕೇಳಿ 'ಇಲ್ಲ' ಅನ್ನಿಸಿಕೊಂಡರೆ? ಅದಕ್ಕಿಂತ ಬಾಯಿಗೆ ಬೀಗ ಹಾಕಿಕೊಳ್ಳುವುದೇ ಸುಖ ಅನ್ನಿಸುತ್ತಿತ್ತು.

ಕೊನೆಯ ಪಾಠದ ಸಂಜೆ ಬಂತು.

ಡಾಕ್ಟರ ಕ್ಲಿನಿಕ್ಕಿನ ಮೇಜಿನ ತುಂಬ ಔಷಧದ ಬಾಟಲಿಗಳು. ಲ್ಯಾಪ್‌ಟಾಪ್ ಬಿಚ್ಚಿಡಲು ಜಾಗವೇ ಇರಲಿಲ್ಲ.

"ಹಾಗಾದ್ರೆ ಗುಡಾರದ ಥರ ನಿಲ್ಲಿಸಿ ಡಾಕ್ಟ್ರೇ. ಪರದೆ ಹಿಂದಕ್ಕೆ ಮಡಚಿ, ಪರದೆ ನಿಮ್ಮ ಕಡೆ ತಿರುಗಿಸಿ, ಬೋರಲಾಗಿ ನಿಲ್ಲಿಸಿ. ಕಡಿಮೆ ಜಾಗ ಸಾಕು."

ಅವನು ನಿಲ್ಲಿಸಿದ. ಪಾಠ ಒಪ್ಪಿಸಿದ ಮಗುವನ್ನು ನೋಡುವಂತೆ ಇವಳು ಅವನನ್ನು ನೋಡಿದಳು. ಪಾಠ ಮುಗಿಯಿತು. ಅವನು 'ಬರ್ತೀನಿ' ಅನ್ನಲಿಲ್ಲ. ಇವಳೂ ಅನ್ನಲಿಲ್ಲ. ಅವನ ಬೆನ್ನ ಹಿಂದೆ ಎಲ್ಲೋ ನಾಯಿಗಳು ಬೊಗಳತೊಡಗಿದವು.

ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ!

"ಡಾಕ್ಟ್ರೇ... ನಾಳೆಯಿಂದ ಪಾಠ ಇಲ್ಲ. ಆದ್ರೂ ನನಗೆ ನಿಮ್ಮ ಜೊತೆ ಇರಬೇಕು ಅನ್ನಿಸುತ್ತೆ. ಇಡೀ ಜೀವನ. ನಿಮಗೆ... ನಿಮಗೂ ಹಾಗೆ ಅನ್ನಿಸುತ್ತಾ?"

ಹೇಳಿಯೇಬಿಟ್ಟಳು!

ಅವನು ಹುಬ್ಬು ಗಂಟಿಕ್ಕಿ ಮುಂದಕ್ಕೆ ಬಾಗಿದ. ಕೈ ಚಾಚಿದ. ಮರುಕ್ಷಣ ಅವನ ಮುಖ ಮಾಯವಾಯಿತು.

ಅವಳು ಕಪ್ಪು ಪರದೆಯನ್ನು ನೋಡುತ್ತಾ ಕುಳಿತಳು. ಆಮೇಲೆ ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿದಳು. ಫೋನನ್ನೂ ಆರಿಸಿದಳು.

"ಕರೆಂಟ್ ಹೋಗಿರಬಹುದು ಅಕ್ಕಾ," ಅಂದಳು ತಂಗಿ, ಬಾಗಿಲ ಸಂದಿಯಿಂದ.

"ಹೋದ್ರೆ ಬ್ಯಾಟರಿ ಇಲ್ವಾ? ಬಿಳಿ ದೀಪ ಹತ್ತಿದೆ ಅಂತ ಶುರುವಲ್ಲೇ ಹೇಳಿದ್ರು!"

"ನೆಟ್..."

"ನೆಟ್ ಹೋದ್ರೆ ಮುಖ ಹಾಗೇ ನಿಂತುಕೊಳ್ಳುತ್ತೆ. ಇದು ಹಾಗಲ್ಲ. ಕೈ ಮುಂದೆ ತಂದಿದ್ದನ್ನ ನಾನೇ ನೋಡಿದೆ. ಅವರೇ ಕಟ್ ಮಾಡಿದ್ರು ಕಣೇ!"

ನೋಡಿ, ಲ್ಯಾಪ್‌ಟಾಪಿನ ಬಗ್ಗೆ ಏನೂ ತಿಳಿಯದ ಹುಡುಗಿಯಾಗಿದ್ದರೆ ಏನೋ ಕೆಟ್ಟಿತು ಅಂದುಕೊಂಡು ಇನ್ನೊಮ್ಮೆ ಕರೆ ಮಾಡುತ್ತಿದ್ದಳು. ಇವಳಿಗೆ ಎಲ್ಲ ಗೊತ್ತಿತ್ತು. ಹಾಗಾಗಿ ತಾನೇ ಒಂದೊಂದು ಆಸೆಯನ್ನೂ ಕತ್ತರಿಸಿ ಹಾಕಿ, ದಿಂಬಿಗೆ ಮುಖ ಹುದುಗಿಸಿ ಅತ್ತಳು.

ಮರುದಿನ ಡಾಕ್ಟರು ಅಂಗಡಿಗೆ ಬಂದಾಗ ಅವಳು ಗೋದಾಮಿನಲ್ಲಿ ಖಾಲಿ ಡಬ್ಬಿಗಳ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಇಲ್ಲ ಅಂತ ಹೇಳಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಯಜಮಾನರನ್ನು ಮುಂದೆ ತಳ್ಳಿದ್ದಳು. ಮೆಣಸಿನಕಾಯಿ ಕಾಲಿಗೆ ಬೀಳುವ ಮಾತಾಡಿದ್ದು ಕೇಳಿಯೇ ಯಜಮಾನರು ಅರ್ಧ ಗಾಬರಿಯಾಗಿದ್ದರು.

"ಮೇಡಂ ಇನ್ನು ನಿಮಗೆ ಪಾಠ ಮಾಡೋದಿಲ್ವಂತೆ," ಅಂದುಬಿಟ್ಟರು.

ಡಾಕ್ಟರು ಪೆಚ್ಚಾಗಿ ನಿಂತರು. "ನಾನು... ಅಷ್ಟೊಂದು ದಡ್ಡನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದರು. ಡಬ್ಬಿಗಳ ಹಿಂದೆ ಕೂತವಳಿಗೆ ಆ ಮಾತು ಕೇಳಿಸಿತು. ಇದೆಂಥ ನಾಟಕ ಅಂದುಕೊಂಡಳು. ಆದರೂ ಕಣ್ಣು ತುಂಬಿ ಬಂತು.

ಆಮೇಲಿನ ದಿನಗಳಲ್ಲಿ ಅವಳ ಬಾಯಿಗೆ ಸಿಕ್ಕಿದವರ ಪಾಡು ಕೇಳಬೇಡಿ.

ಹೀಗಿರುವಾಗ ಒಬ್ಬ ಅಜ್ಜಿ ಬಂದರು. ಮೊಮ್ಮಗಳು ಕಳಿಸಿದ ಹೊಸ ಲ್ಯಾಪ್‌ಟಾಪು. ಮೊಮ್ಮಗಳ ಮುಖ ದೊಡ್ಡದಾಗಿ, ಹತ್ತಿರದಲ್ಲಿ ಕಾಣಬೇಕು, ಅಷ್ಟೇ ಅವರ ಬೇಡಿಕೆ. ಅವಳು ಎಡ, ಬಲ ಎಲ್ಲ ತೋರಿಸಿ, ಗುಡಾರದ ಹಾಗೆ ನಿಲ್ಲಿಸಿ ಮೊಮ್ಮಗಳಿಗೆ ಕರೆ ಹಚ್ಚಿಕೊಟ್ಟಳು.

"ಅಜ್ಜೀ, ಹೇಗಿದ್ದೀರಾ?" ಅಂದಿತು ಪರದೆ.

"ಸಣ್ಣಗೆ ಕೇಳಿಸ್ತಿದೆಯಲ್ಲೇ ಕೂಸೇ... ತಡಿ, ಜೋರು ಮಾಡ್ತೀನಿ. ಎಡಗಡೆ ತಾನೇ ಧ್ವನಿ?"

ಅಜ್ಜಿ ಎಡಗಡೆ ಕೈ ಹಾಕಿ ಒತ್ತಿದರು. ಮೊಮ್ಮಗಳು ಮಾಯ!

"ಅಯ್ಯೋ ಅಜ್ಜಿ, ಅದು ಪವರ್ ಬಟನ್! ಎಡಗಡೆ ಅಂದ್ರೆ..." ಎನ್ನುತ್ತಾ ಅವಳು ಕೈ ಚಾಚಿದಳು.

ಕೈ ಅಲ್ಲೇ ನಿಂತಿತು.

ಎಡಗಡೆ. ಅಜ್ಜಿ ಒತ್ತಿದ್ದು ಎಡಗಡೆಯನ್ನೇ. ಆದರೆ ಗುಡಾರ ಮಾಡಿ ಪರದೆಯನ್ನು ನಮ್ಮತ್ತ ತಿರುಗಿಸಿದಾಗ ಕೀಗಳಿರುವ ಭಾಗ ಬೆನ್ನು ತಿರುಗಿಸುತ್ತದೆ. ಎಡ ಬಲವಾಗುತ್ತದೆ. ಬಲದಲ್ಲಿದ್ದ ಪವರ್ ಬಟನ್ ಎಡಕ್ಕೆ ಬಂದು ಕೂತಿರುತ್ತದೆ!

ಅದನ್ನು ಅವಳು ಡಾಕ್ಟರಿಗೆ ಹೇಳಿಕೊಟ್ಟಿದ್ದಳೇ? ಇಲ್ಲ! ಗುಡಾರ ಮಾಡಿ ಅಂತ ಹೇಳಿದವಳು ಯಾರು? ಅವಳೇ!

ನಾಯಿ ಬೊಗಳ್ತಿತ್ತು... ಅವರಿಗೆ ಕೇಳಿಸ್ಲಿಲ್ಲ... ಧ್ವನಿ ಏರಿಸೋಕೆ ಹೋದ್ರು... ಅಯ್ಯೋ ದೇವರೇ!

"ಅಜ್ಜಿ, ನೀವು ಸಾವಿರ ವರ್ಷ ಬದುಕಿ!" ಎಂದವಳೇ ಅಜ್ಜಿಯ ಕೆನ್ನೆಗೆ ಮುತ್ತಿಟ್ಟು ಬಾಗಿಲ ಕಡೆ ಓಡಿದಳು.

"ಮೊದಲು ನನ್ನ ಮೊಮ್ಮಗಳನ್ನ ವಾಪಸ್ ತಂದುಕೊಡಮ್ಮಾ!" ಅಜ್ಜಿ ಕೂಗಿದರು. ಅವಳು ಓಡಿಬಂದು, ಬಟನ್ ಒತ್ತಿ, ಮೊಮ್ಮಗಳನ್ನು ಕರೆತಂದು, ಮತ್ತೆ ಓಡಿದಳು.

ಕ್ಲಿನಿಕ್ಕಿನ ಬೆಂಚುಗಳು ಭರ್ತಿಯಾಗಿದ್ದವು. ಮೂರು ನಾಯಿಗಳು, ಒಂದು ಮೇಕೆ, ಪಂಜರದಲ್ಲಿ ಗಿಳಿ ಹಿಡಿದ ಒಬ್ಬ ದಪ್ಪ ಮೀಸೆಯವರು. ಬಾಗಿಲು ತೆರೆದೇ ಇತ್ತು. ಒಳಗೆ ಡಾಕ್ಟರು ಕೈಗೆ ಗ್ಲೌಸ್ ಹಾಕಿಕೊಂಡು ಬೆಕ್ಕಿನ ಹಿಂಗಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಅವಳನ್ನು ನೋಡಿ ಅವರ ಮುಖ ಅರಳಿತು, ತಕ್ಷಣ ಬಾಡಿತು.

"ಮೇಡಂ... ಪಾಠ ಮಾಡೋದಿಲ್ಲ ಅಂದ್ರಂತೆ."

"ಡಾಕ್ಟ್ರೇ, ಆವತ್ತು ಏನಾಯ್ತು?"

"ನೀವು ಏನೋ ಹೇಳ್ತಿದ್ರಿ. ಈ ನಾಯಿಗಳ ಗಲಾಟೆ... ಧ್ವನಿ ಏರಿಸೋಣ ಅಂತ ಎಡಗಡೆ ಒತ್ತಿದೆ. ಎಡಗಡೆಯೇ ಒತ್ತಿದೆ ಮೇಡಂ, ನನಗೆ ಚೆನ್ನಾಗಿ ಜ್ಞಾಪಕ ಇದೆ! ಆರಿಹೋಯ್ತು. ಮತ್ತೆ ಹಚ್ಚಿ ಕರೆ ಮಾಡಿದ್ರೆ ನೀವು ಸಿಗಲಿಲ್ಲ. ಫೋನೂ ಇಲ್ಲ. ಇಷ್ಟು ದಿನ ಕಲಿಸಿದ್ಮೇಲೂ ಮುಖಕ್ಕೆ ಹೊಡೆದ ಹಾಗೆ ಆರಿಸಿಬಿಟ್ನಲ್ಲ, ಬೇಸತ್ತು ಹೋಗಿದ್ದೀರಿ ಅಂದ್ಕೊಂಡೆ..."

"ತಪ್ಪು ನಂದು ಡಾಕ್ಟ್ರೇ! ಗುಡಾರ ಮಾಡಿದ್ರೆ ಎಡ ಬಲ ಆಗುತ್ತೆ. ನಾನು ಹೇಳಿಕೊಡಲೇ ಇಲ್ಲ!"

"ಹೌದಾ? ಹಾಗಾದ್ರೆ ನಾನು ದಡ್ಡ ಅಲ್ವಾ?"

"ಅಲ್ಲ!"

ಡಾಕ್ಟರು ಸುದೀರ್ಘವಾಗಿ ಉಸಿರು ಬಿಟ್ಟರು. "ಅಬ್ಬ... ಅದು ಸರಿ, ಆವತ್ತು ನೀವು ಹೇಳಿದ್ದೇನು?"

ಆಗ ಹೊರಗಿನ ಮೂರೂ ನಾಯಿಗಳು ಮೇಕೆಯನ್ನು ಕಂಡು ಒಟ್ಟಿಗೇ ಬೊಗಳತೊಡಗಿದವು.

ಮತ್ತೆ ಹೇಳಬೇಕು. ಒಮ್ಮೆ ಹೇಳುವುದಕ್ಕೇ ಜೀವ ಹೋಗಿತ್ತು. ಇಲ್ಲ ಅಂದರೆ? ಅನ್ನಲಿ! ಕತ್ತಲ ಪರದೆ ನೋಡುತ್ತಾ ಕೂರುವುದಕ್ಕಿಂತ ಅವರ ಬಾಯಿಂದಲೇ ಇಲ್ಲ ಅನ್ನುವುದನ್ನು ಕೇಳುವುದು ಮೇಲು. ಅವಳು ಕಣ್ಣು ಮುಚ್ಚಿ, ನಾಯಿಗಳನ್ನೂ ಮೀರಿಸುವ ಹಾಗೆ ಕೂಗಿದಳು:

"ಇಡೀ ಜೀವನ ನಿಮ್ಮ ಜೊತೆ ಇರಬೇಕು ಅನ್ನಿಸುತ್ತೆ ಅಂದೆ! ನಿಮಗೂ ಅನ್ನಿಸುತ್ತಾ ಅಂತ ಕೇಳಿದೆ!"

ಅಷ್ಟು ಜೋರಾದ ದನಿಗೆ ಬೆದರಿ ನಾಯಿಗಳು ನಡುವೆಯೇ ಸುಮ್ಮನಾಗಿದ್ದವು. ಕೊನೆಯ ಮಾತು ಇಡೀ ಬೀದಿಗೆ ಕೇಳಿಸಿತು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಡಾಕ್ಟರು ಬೆಕ್ಕಿನ ಕಾಲು ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದರು.

"ಉತ್ತರ ಕೊಡಿ ಡಾಕ್ಟ್ರೇ," ಮೀಸೆಯವರು ಬೆಂಚಿನಿಂದ ಹೇಳಿದರು. "ಪಾಪ, ಎಷ್ಟೊತ್ತು ನಿಲ್ಲಿಸ್ತೀರಾ?"

"ಮೇಡಂ, ಒಂದು ನಿಮಿಷ ಈ ಕಾಲು ಹಿಡ್ಕೊಳ್ತೀರಾ?" ಅಂದರು ಡಾಕ್ಟರು.

ಇದೇನಾ ಉತ್ತರ? ಅವಳು ಯಂತ್ರದ ಹಾಗೆ ಹೋಗಿ ಬೆಕ್ಕಿನ ಕಾಲು ಹಿಡಿದುಕೊಂಡಳು. ಡಾಕ್ಟರು ತಿರುಗಿದರು. ಗ್ಲೌಸ್ ಕಳಚಿದರು. ಸೋಪು ಹಚ್ಚಿ ಕೈ ತೊಳೆದರು. ಟವೆಲ್ಲಿಗೆ ಒರೆಸಿಕೊಂಡು, ಕೂದಲು ಒತ್ತಿಕೊಂಡು, ಬಂದು ಅವಳೆದುರು ನಿಂತರು.

"ಇಂಥ ಮಾತಿಗೆ ಗ್ಲೌಸ್ ಹಾಕ್ಕೊಂಡು ಉತ್ತರ ಕೊಡಬಾರದು ಅನ್ನಿಸ್ತು," ಅಂದರು. "ನನಗೂ ಅನ್ನಿಸುತ್ತೆ. ತುಂಬ ದಿನದಿಂದ ಅನ್ನಿಸ್ತಿದೆ. ಕೇಳೋಕೆ ಹೆದರಿಕೆ ಆಗಿತ್ತು."

"ನಾನು ಕಚ್ತೀನಾ?"

"ಕಚ್ಚೋದಕ್ಕೆ ನಾನು ಹೆದರೋದಿಲ್ಲ. ಇಲ್ಲ ಅಂದುಬಿಟ್ರೆ ಅಂತ..."

ಅವಳು ನಗಲು ಹೋಗಿ ಅತ್ತಳು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಬೆಕ್ಕಿನ ಕಾಲಿತ್ತು. ಡಾಕ್ಟರೇ ತಮ್ಮ ತಣ್ಣನೆಯ ಬೆರಳುಗಳಿಂದ ಅವಳ ಕೆನ್ನೆ ಒರೆಸಿದರು. ಬೆಂಚಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

"ಹೇಳೋದು ಇನ್ನೂ ತುಂಬ ಇದೆ," ಅಂದರು ಡಾಕ್ಟರು ಮೆಲ್ಲಗೆ. "ಆದ್ರೆ ಹೊರಗೆ ಇಷ್ಟೊಂದು ಜನ ಕಾಯ್ತಿದ್ದಾರೆ. ಎಲ್ಲ ಮುಗಿಯೋಕೆ ಬಹಳ ಹೊತ್ತಾಗುತ್ತೆ."

ಯಾರಿಗೂ ಒಂದು ಗಳಿಗೆ ಕಾದವಳಲ್ಲ ಅವಳು. ಬೆಕ್ಕಿನ ಕಾಲನ್ನು ಡಾಕ್ಟರ ಕೈಗೊಪ್ಪಿಸಿ, ಹೊರಗೆ ಹೋಗಿ ಮೇಕೆಗೂ ಗಿಳಿಗೂ ನಡುವೆ ಜಾಗ ಮಾಡಿಕೊಂಡು ಕುಳಿತಳು.

"ಆಗಲಿ ಬಿಡಿ," ಅಂದಳು.