ಜವುಗಿನ ನಡುವಿನ ನಾಗರಕಲ್ಲು

ಎರಡು ಡಜನ್ ಏಡಿ ಹಿಡಿದು ಮಧ್ಯಾಹ್ನದೊಳಗೆ ಮನೆ ಸೇರಬೇಕು. ಭಾನುವಾರ ಬೆಳಗ್ಗೆ ಆರೂವರೆಗೆ ಹೆಗ್ಗನಹಳ್ಳಿಯಲ್ಲಿ ಬೈಕ್ ಹತ್ತಿದ ಮಡಿವಾಳಪ್ಪ, ಶ್ರೀಶೈಲ ಎಂಬ ಅಣ್ಣತಮ್ಮಂದಿರಿಗೆ ಇದ್ದದ್ದು ಇಷ್ಟೇ ಕೆಲಸ. ಶ್ರೀಶೈಲನ ಹೆಂಡತಿ ಲಕ್ಷ್ಮಿಗೆ ಡೆಂಗ್ಯೂ ಬಿಟ್ಟು ಮೂರು ವಾರವಾದರೂ ಬಾಯಿಗೆ ಏನೂ ಸೇರುತ್ತಿರಲಿಲ್ಲ. ಹಿಂದಿನ ದಿನ ತಾನಾಗಿಯೇ ಬಾಯಿಬಿಟ್ಟು ಏಡಿ ಸಾರು ಕೇಳಿದ್ದಳು. ಅದೂ ಸಮುದ್ರದ ಏಡಿಯಲ್ಲ, ಕೆಸರಿನ ಏಡಿಯೇ ಬೇಕಂತೆ. ಕೃಷ್ಣಾ ದಂಡೆಯ ಮೀನುಗಾರರ ಮನೆಯ ಮಗಳು, ಇನ್ನೇನು ಕೇಳುತ್ತಾಳೆ?

ಬೆಂಗಳೂರಿನಲ್ಲಿ ಕೆಸರಿನ ಏಡಿ ಎಲ್ಲಿ ಸಿಗುತ್ತದೆಂದು ಬಲ್ಲವನು ಮುನಿಯಣ್ಣ. ಉಲ್ಲಾಳ ದಾಟಿ ಕೆಂಗೇರಿ ಕಡೆಗಿರುವ ಒಂದು ಕೆರೆಗೆ ಅವನ ಅಪ್ಪ, ತಾತ ನೀರುಗಂಟಿಗಳು, ಅಂದರೆ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರು. ಗದ್ದೆಗಳೆಲ್ಲ ಸೈಟುಗಳಾದವು. ಅರವತ್ತೆರಡರ ಮುನಿಯಣ್ಣ ಈಗ ವಾಚ್‌ಮನ್. ಅವನು ಕಾಯುವ ಕಟ್ಟಡದಲ್ಲೇ ಮಡಿವಾಳಪ್ಪ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ.

ಏರಿಯ ಬುಡದಲ್ಲಿ ಮುನಿಯಣ್ಣ ಮೂರು ಜೊತೆ ಗಮ್‌ಬೂಟು, ಮೂರು ಉದ್ದ ಕೋಲು ಇಟ್ಟುಕೊಂಡು ಕಾಯುತ್ತಿದ್ದ. ಬೂಟು ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಿಸಿದ. ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಹೆಜ್ಜೆಗೆ ಮೊದಲು ಕೋಲು ನೆಲಕ್ಕೆ ಬಡಿಯಬೇಕು, ಬಿಲಕ್ಕೆ ತಂತಿಯ ಕೊಕ್ಕೆ ಬಿಟ್ಟು ಬೇರೇನೂ ಹೋಗಕೂಡದು ಎಂದು ಶಾಲೆ ಮೇಷ್ಟ್ರ ಹಾಗೆ ಎರಡೆರಡು ಸಲ ಹೇಳಿಸಿದ.

"ಬಿಲದ ಬಾಯಲ್ಲಿ ಹಸಿ ಮಣ್ಣಿನ ಉಂಡೆ ಇದ್ರೆ ನಳ್ಳಿ ಕಣಪ್ಪಾ. ಬಾಯಿ ಒಣಗಿ ನುಣ್ಣಗಿತ್ತು ಅಂದ್ರೆ ಅದು ನಮ್ಮನೆ ಅಲ್ಲ, ಸುಮ್ನೆ ಮುಂದಕ್ಕೆ ಹೋಗ್ತಾ ಇರಿ," ಎಂದ. ಏಡಿಗೆ ಆ ಕಡೆಯವರು ನಳ್ಳಿ ಎನ್ನುತ್ತಾರೆ.

ಕೆರೆಯ ಹಿಂಬದಿ ಪೂರ್ತಿ ಜವುಗು. ಆಳೆತ್ತರದ ಜೊಂಡು, ಅದರ ನಡುವೆ ಕಪ್ಪು ನೀರಿನ ಮಡುಗಳು, ಕಾಲಿಟ್ಟರೆ ಹೀರಿಕೊಳ್ಳುವ ಕೆಸರು. ಮಳೆಗಾಲ ಮುಗಿದು ತಿಂಗಳೂ ಆಗಿರಲಿಲ್ಲ. ಜಂಬುಕೋಳಿಗಳು ಜೊಂಡಿನ ಬುಡದಲ್ಲಿ ಉದ್ದ ಬೆರಳೂರಿ ನಡೆಯುತ್ತಿದ್ದವು. ತಲೆಯೆತ್ತಿದರೆ ಮೂರು ದಿಕ್ಕಿನಲ್ಲೂ ಅಪಾರ್ಟ್‌ಮೆಂಟುಗಳು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳು. ಕೂಗಿದರೆ ಕೇಳಿಸುವಷ್ಟು ಹತ್ತಿರ ಎನ್ನಿಸುತ್ತಿತ್ತು, ಆದರೆ ಅಲ್ಲಿಂದ ಇಲ್ಲಿಗೆ ದಾರಿಯೇ ಇರಲಿಲ್ಲ.

ಬೇಟೆ ಚೆನ್ನಾಗಿಯೇ ಶುರುವಾಯಿತು. ಕೊಕ್ಕೆ ಬಿಡುವುದು, ಏಡಿ ಕಚ್ಚಿದ್ದು ಗೊತ್ತಾದ ಕೂಡಲೇ ನಿಧಾನಕ್ಕೆ ಎಳೆಯುವುದು, ಬೆನ್ನ ಮೇಲಿಂದ ಹಿಡಿದು ಚೀಲಕ್ಕೆ ಹಾಕುವುದು. ಒಂದು ಗಂಟೆಯಲ್ಲಿ ಹನ್ನೊಂದು ಬಿದ್ದವು. ಒಮ್ಮೆ ಶ್ರೀಶೈಲ ಆಸೆ ತಡೆಯದೆ ಬಿಲಕ್ಕೆ ಕೈ ಚಾಚಿದಾಗ ಮುನಿಯಣ್ಣನ ಕೋಲು ಮಣಿಕಟ್ಟಿನ ಮೇಲೆ ಬಿತ್ತು. ಒಣಗಿದ ಬಾಯಿಯ ಬಿಲ ಅದು. ಅವನು ಮತ್ತೆ ಆ ತಪ್ಪು ಮಾಡಲಿಲ್ಲ.

ಜವುಗಿನ ನಡುವೆ ಒಂದು ಒಣ ದಿಬ್ಬ. ಅದರ ಮೇಲೆ ಹುತ್ತ, ಹುತ್ತದ ಪಕ್ಕ ಮೂರು ನಾಗರಕಲ್ಲು. ಮುನಿಯಣ್ಣ ದಿಬ್ಬ ಹತ್ತುವ ಮೊದಲು ಕುಳಿತು ಬೂಟು ಬಿಚ್ಚತೊಡಗಿದ. ಅದನ್ನು ನೋಡಿ ಶ್ರೀಶೈಲನೂ ಬಗ್ಗಿದ. ದೇವರ ಮುಂದೆ ಕೆರ ಬಿಡುವುದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ.

"ನೀವು ಬಿಚ್ಬೇಡಿ, ಹೊಸಬರು. ಇಲ್ಲಿಂದ್ಲೇ ಕೈ ಮುಗೀರಿ, ಸಾಕು," ಎಂದು ಮುನಿಯಣ್ಣ ತಡೆದ. "ನಾನು ಈ ಕೆರೆ ನೀರು ಕುಡ್ದು ಬೆಳ್ದೋನು. ಬೂಟು ಹಾಕ್ಕೊಂಡು ಅವನ ಮುಂದೆ ಹೆಂಗೆ ನಿಂತ್ಕೊಳ್ಳಲಿ?"

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಗುವವರು ನಗಬಹುದು. ನನಗೆ ನಗು ಬರುವುದಿಲ್ಲ. ಹುಟ್ಟಿದಾಗಿನಿಂದ ಬರಿಗಾಲಲ್ಲಿ ನಿಂತ ಜಾಗದಲ್ಲಿ ಮುದುಕ ಬರಿಗಾಲಲ್ಲಿ ನಿಂತ, ಅಷ್ಟೇ. ಕೋಲನ್ನೂ ಕೆಳಗೇ ಬಿಟ್ಟು ಹೋದ. ಲಕ್ಕಿ ಗಿಡದ ಒಂದು ಕುಡಿ ಕಿತ್ತು ಕಲ್ಲಿನ ಮೇಲಿಟ್ಟು, ಕೈ ಮುಗಿದು, ಬೆನ್ನು ತೋರಿಸಬಾರದೆಂದು ಹಿಂದಕ್ಕೆ ಹೆಜ್ಜೆ ಹಾಕಿದ.

ಕುಕ್ಕರ್ ಸೀಟಿ ಹೊಡೆಯುವ ಮುಂಚಿನಂಥ ಸದ್ದು ಕೇಳಿಸಿತು.

ಒಣಹುಲ್ಲಿನಿಂದ ಏನೋ ಚಿಮ್ಮಿತು. ಮುನಿಯಣ್ಣ ಕುಸಿದು ಕುಳಿತ.

ದಪ್ಪ ಮೈ, ಬೆನ್ನಿನುದ್ದಕ್ಕೂ ಸರಪಳಿಯ ಹಾಗೆ ಕಂದು ಮಚ್ಚೆ. ಮಂಡಲದ ಹಾವು. ಮಡಿವಾಳಪ್ಪ ಕೋಲೆತ್ತಿದ. ಅದರ ಹತ್ತಿರ ಹೋಗಬೇಡ, ಅದು ಹೋಗಲಿ ಎಂದು ಮುನಿಯಣ್ಣ ಕೈಯಾಡಿಸಿದ. ಬಲ ಹಿಮ್ಮಡಿಯ ಮೇಲೆ ಎರಡು ಕೆಂಪು ಚುಕ್ಕೆ.

ಮಡಿವಾಳಪ್ಪ ಆಗಲೇ ಹೆಗಲ ಟವೆಲ್ ಎಳೆದು ಮೊಣಕಾಲಿನ ಕೆಳಗೆ ಬಿಗಿಯಲು ಹೊರಟಿದ್ದ. ಅವನ ಊರಲ್ಲಿ ಕಟ್ಟುತ್ತಿದ್ದರು, ಬ್ಲೇಡಿನಿಂದ ಕುಯ್ಯುತ್ತಿದ್ದರು, ಮಂತ್ರ ಹಾಕಿಸುತ್ತಿದ್ದರು. ಹಾಗೆ ಮಾಡಿಯೂ ಸತ್ತವರನ್ನು ಅವನು ಕಂಡಿದ್ದ.

"ಕಟ್ಬೇಡ, ಕುಯ್ಬೇಡ. ನನ್ನ ನಡೆಸ್ಬೇಡ," ಎಂದ ಮುನಿಯಣ್ಣ. ಅವನ ದನಿ ಸಣ್ಣಗಾಗಿತ್ತು. "ಕಾಲು ಅಲ್ಲಾಡದಂಗೆ ಕೋಲು ಇಟ್ಟು ಸುತ್ತು. ದೊಡ್ಡಾಸ್ಪತ್ರೆಗೆ ಒಯ್ಯಿ. ಹೊತ್ತಾದ್ರೆ ನಾನು ಉಳಿಯಲ್ಲ ಕಣಪ್ಪಾ."

ಬಾತರೆ ಬಿಗಿಯುತ್ತದೆಂದು ಮುನಿಯಣ್ಣನ ಕಾಲಿಗೆ ಕಟ್ಟಿದ್ದ ಕಪ್ಪು ದಾರವನ್ನು ಶ್ರೀಶೈಲ ಕತ್ತರಿಸಿದ. ಒಂದು ಕೋಲು ಕಾಲಿಗೆ ಆಯಿತು. ಇನ್ನೆರಡು ಕೋಲನ್ನು ಗೋಣಿಚೀಲದ ಮೂಲೆಗಳಿಗೆ ತೂರಿಸಿ ಡೋಲಿ ಮಾಡಬೇಕು, ಅದಕ್ಕೆ ಚೀಲ ಖಾಲಿ ಮಾಡಬೇಕು. ಹನ್ನೊಂದು ಏಡಿಗಳೂ ಅಡ್ಡಡ್ಡ ಓಡಿ ಕೆಸರು ಸೇರಿದವು.

ಹೊತ್ತುಕೊಂಡು ನಾಲ್ಕು ಹೆಜ್ಜೆ ಹೋದ ಮೇಲೆ ಶ್ರೀಶೈಲನಿಗೆ ಹೊಳೆಯಿತು, ಮುಂದೆ ನೆಲ ಬಡಿಯಲು ಕೋಲೇ ಇಲ್ಲ. ಎರಡೂ ಕೈ ಡೋಲಿಯಲ್ಲಿ. ಜೊಂಡಿನ ಬುಡದಲ್ಲಿ ಏನಿದೆಯೋ ಕಾಣದು. ಆದರೂ ಕಾಲಿಟ್ಟ.

ಕೆಸರು ಮೊಣಕಾಲು ಹಿಡಿಯಿತು. ಒಬ್ಬ ಕಾಲು ಕಿತ್ತರೆ ಇನ್ನೊಬ್ಬ ಹೂತುಕೊಳ್ಳುತ್ತಿದ್ದ. ಬರುವಾಗ ಇಪ್ಪತ್ತು ನಿಮಿಷದ ದಾರಿ ಈಗ ಮುಗಿಯಲೊಲ್ಲದು. ಮುನಿಯಣ್ಣನ ಪಾದ ಬೂದುಗುಂಬಳದಷ್ಟಾಗಿತ್ತು. ನರಳಬಾರದೆಂದು ಅವನು ತನ್ನ ತಲೆಗೆ ಸುತ್ತಿದ್ದ ಟವೆಲ್ ಕಚ್ಚಿಕೊಂಡಿದ್ದ. ಟವೆಲ್ ಕೆಂಪಾಗಿದ್ದನ್ನು ಹಿಂದಿನಿಂದ ಮಡಿವಾಳಪ್ಪ ಕಂಡ, ವಸಡಿನಿಂದ ರಕ್ತ ಬರುತ್ತಿತ್ತು. ತಮ್ಮನಿಗೆ ಹೇಳಲಿಲ್ಲ.

ನಡುವೆ ಒಮ್ಮೆ ಡೋಲಿಯನ್ನು ಮೊಣಕಾಲ ಮೇಲೆ ನಿಲ್ಲಿಸಿಕೊಂಡು ಶ್ರೀಶೈಲ ಆಂಬುಲೆನ್ಸಿಗೆ ಫೋನ್ ಮಾಡಿದ. ಲೊಕೇಶನ್ ಕಳಿಸಿದರೆ ಅದು ಮ್ಯಾಪಿನ ನೀಲಿ ನೀರಿನ ನಟ್ಟನಡುವೆ ಬಿತ್ತು. ಡ್ರೈವರ್ ಮೋಹನ್ ಕುಮಾರ್ ವಾಪಸ್ ಫೋನ್ ಮಾಡಿ, ಲೇಔಟಿನ ಗೋಡೆ ಮುಂದೆ ಇದ್ದೀನಿ, ಯಾವ ಅಂಗಡಿ ಎದುರು ಬರಬೇಕು ಎಂದು ಕೇಳಿದ. ದಿನಕ್ಕೆ ಮೂವತ್ತು ಮನೆಗೆ ಊಟದ ಪಾರ್ಸಲ್ ಮುಟ್ಟಿಸುವ ಶ್ರೀಶೈಲ ಒಂದು ಗುರುತಿಗಾಗಿ ತಲೆಯೆತ್ತಿ ನೋಡಿದ. ಸುತ್ತ ಇದ್ದದ್ದು ಜೊಂಡು. ಅವನಿಗೆ ಅಳು ಬಂತು, ಅತ್ತ.

"ಹಳೇ ಪಂಪ್‌ಹೌಸ್ ಅನ್ನು," ಎಂದು ಡೋಲಿಯಿಂದ ಮುನಿಯಣ್ಣ ತೊದಲಿದ. "ತೋಟದ ಹಿಂದ್ಲು ಮಣ್ಣು ರೋಡು. ಗಾಡಿ ಬರತ್ತೆ."

ಬಂತು. ಮೋಹನ್ ಕುಮಾರ್ ಬೂಟು, ಪ್ಯಾಂಟು ನೋಡದೆ ಕೆಸರಿಗಿಳಿದು ಡೋಲಿಗೆ ಹೆಗಲು ಕೊಟ್ಟ. ಆಗ ಒಂಬತ್ತೂ ಕಾಲು. ಕಚ್ಚಿ ಮುಕ್ಕಾಲು ಗಂಟೆಯಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಸಂಘಮಿತ್ರಾ ಸ್ವಲ್ಪ ರಕ್ತ ತೆಗೆದು ಗಾಜಿನ ಕೊಳವೆಗೆ ಹಾಕಿ ಸ್ಟ್ಯಾಂಡಿನಲ್ಲಿಟ್ಟರು. ಇಪ್ಪತ್ತು ನಿಮಿಷ ಯಾರೂ ಮುಟ್ಟಬಾರದು ಎಂದರು. ಇಪ್ಪತ್ತು ನಿಮಿಷವಾದ ಮೇಲೆ ವಾಲಿಸಿದರು. ರಕ್ತ ನೀರಿನ ಹಾಗೆ ಹರಿಯಿತು. ವಿಷ ಏರಿದೆ, ಹೆಪ್ಪುಗಟ್ಟುತ್ತಿಲ್ಲ ಎಂದು ಹೇಳಿ ಔಷಧ ಹಾಕಲು ಓಡಿದರು. ಇನ್ನೊಮ್ಮೆ ನೋಡುವುದು ಆರು ಗಂಟೆ ಬಿಟ್ಟಂತೆ.

ಆ ಆರು ಗಂಟೆಯಲ್ಲಿ ಅಣ್ಣತಮ್ಮಂದಿರು ಮಾಡಬಹುದಾದದ್ದು ಒಂದೂ ಇರಲಿಲ್ಲ. ಹೊರುವುದಾದರೂ ಇದ್ದಿದ್ದರೆ ಹೊರುತ್ತಿದ್ದರು. ಕಾಲಿನ ಕೆಸರು ಒಣಗಿ ಉದುರುತ್ತಿತ್ತು. ಲಕ್ಷ್ಮಿ ಫೋನ್ ಮಾಡಿದಾಗ ಶ್ರೀಶೈಲ ನಡೆದದ್ದೆಲ್ಲ ಹೇಳಿದ. "ನನ್ನ ನಾಲಗಿ ಚಪಲಕ್ಕ ಹಿಂಗಾತಲ್ಲರೀ," ಎಂದು ಅವಳು ಫೋನಿಟ್ಟಳು.

ಮುನಿಯಣ್ಣನ ಹೆಂಡತಿ ಬೋರಮ್ಮ ಬಂದವಳು ಅಳಲಿಲ್ಲ. ಬೂಟು ಇರಲಿಲ್ಲವೇ ಎಂದು ಕೇಳಿದಳು. ಮಡಿವಾಳಪ್ಪ ತಲೆ ತಗ್ಗಿಸಿ ನಾಗರಕಲ್ಲಿನ ವಿಷಯ ಹೇಳಿದ. ತಮ್ಮ ಕಾಲಲ್ಲಿ ಬೂಟು ಇದ್ದವು ಎನ್ನುವಾಗ ಅವನಿಗೆ ನಾಚಿಕೆಯಾಯಿತು.

"ನಾನಾಗಿದ್ರೂ ಬಿಚ್ತಿದ್ದೆ ಬಿಡಪ್ಪ," ಎಂದಳು ಬೋರಮ್ಮ.

ನಾಲ್ಕಕ್ಕೆ ಎರಡನೇ ಕೊಳವೆ ಸ್ಟ್ಯಾಂಡಿಗೆ ಬಂತು. ಮೂವರೂ ಗೋಡೆ ಗಡಿಯಾರ ನೋಡುತ್ತ ನಿಂತರು. ಡಾಕ್ಟರ್ ಬಂದು ಕೊಳವೆ ವಾಲಿಸಿದರು. ರಕ್ತ ಅಲುಗಲಿಲ್ಲ.

ಕಾಲು ವಾಸಿಯಾಗಲು ತಿಂಗಳುಗಳೇ ಬೇಕು, ಇನ್ನೂ ನಾಲ್ಕು ದಿನ ಇಲ್ಲೇ ಇರಬೇಕು, ಆದರೆ ಜೀವಕ್ಕೆ ಬಂದದ್ದು ಹಿಂದಕ್ಕೆ ಹೋಗುತ್ತಿದೆ ಎಂದರು. ಬೋರಮ್ಮ ಒಮ್ಮೆ ನಾನು ನೋಡಲೇ ಎಂದು ಕೇಳಿದಳು. ಡಾಕ್ಟರ್ ಕೊಳವೆಯನ್ನು ತಮ್ಮ ಕೈಯಲ್ಲೇ ಅವಳ ಮುಖದ ಹತ್ತಿರ ಹಿಡಿದು ಪೂರ್ತಿ ತಲೆಕೆಳಗು ಮಾಡಿದರು. ಒಂದು ಹನಿಯೂ ಬೀಳಲಿಲ್ಲ.

ಆಗ ಅವಳ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡು, ಒಣಗಿದ ಕೆಸರಿನಲ್ಲಿ ನಿಂತಿದ್ದ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಬೆಳಗ್ಗೆಯಿಂದ ಏನಾದ್ರೂ ತಿಂದ್ರೇನಪ್ಪಾ ನೀವಿಬ್ರೂ?"