ಚೀಯೋನಿನ ಮಗಳಿಗೆ ಹೇಳಿದ ಮಾತು

"ಆ ಕತ್ತೆ ಅಂದ್ರೆ ಯೆಹೂದ್ಯರು. ಅದರ ಮರಿ ಅಂದ್ರೆ ಉಳಿದ ಜನಾಂಗಗಳು, ಅಂದ್ರೆ ನಾವು!" ಎಂದು ಹೊರಿಯೋನ್ ಗಂಭೀರವಾಗಿ ಸಾರಿದ್ದೇ ತಡ, ಪರದೆಯ ಆಚೆ ಯಾರೋ ಕಿಸಕ್ಕನೆ ನಕ್ಕರು.

ಅಂತಿಯೋಕ್ಯದ ಮಾರಿನೋಸರ ಪಾಠಶಾಲೆಯಲ್ಲಿ ಅವನಿಗದು ಮೊದಲ ದಿನ. ಪ್ರತಿ ಮಾತಿನಲ್ಲೂ ಗೂಢಾರ್ಥ ಹುಡುಕುವ ಅಲೆಕ್ಸಾಂಡ್ರಿಯದಲ್ಲಿ ಓದಿ ಬಂದವನು. 'ಚೀಯೋನಿನ ಮಗಳೇ, ಹಿಗ್ಗು, ನಿನ್ನ ಅರಸ ಕತ್ತೆಯನ್ನೂ ಅದರ ಮರಿಯನ್ನೂ ಏರಿ ಬರುತ್ತಿದ್ದಾನೆ' ಎಂದು ಯೆರೂಸಲೇಮಿನ ಜನರಿಗೆ ಹೇಳಿದ ಪ್ರವಾದಿ ಜೆಕರ್ಯನ ಮಾತು ಕ್ರಿಸ್ತನಲ್ಲಿ ಹೇಗೆ ನೆರವೇರಿತು ಎಂದು ವಿವರಿಸಲು ನಿಂತಿದ್ದ.

ಪರದೆ ಸರಿಸಿ ಬಂದವಳು ಗುರುಗಳ ಮಗಳು ಡೊಮ್ನಿನಾ. "ಕತ್ತೆಯನ್ನ ಕತ್ತೆಯಾಗಿರೋಕೂ ಬಿಡಲ್ವಾ ನೀವು?"

ಹುಡುಗರು ಹೋ ಎಂದರು. ಹೊರಿಯೋನನ ಕಿವಿ ಕೆಂಪಾಯಿತು. ಆ ಕೆಂಪು ಕಿವಿ ಅವಳಿಗೆ ಯಾಕೋ ಬಹಳ ಹಿಡಿಸಿಬಿಟ್ಟಿತು.

ಚಳಿಗಾಲವಿಡೀ ಇಬ್ಬರಿಗೂ ಜಗಳ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿದರೆ ಸಾಕು, ಅವಳ ಎದೆ ಮುಂದೋಡುತ್ತಿತ್ತು.

"ಇವತ್ತು ನೀಲಿ ಶಾಲು," ಎನ್ನುತ್ತಿದ್ದ ಅವನು. "ಏನೋ ಗೂಢಾರ್ಥ ಇರಬೇಕು."

"ಇದೆ. ಹಳದೀದು ಒಣಗಿಲ್ಲ."

ಅವನು ನಗುತ್ತಾ ಕಣ್ಣು ತಗ್ಗಿಸುತ್ತಿದ್ದ, ಮತ್ತೆ ಕಳ್ಳನಂತೆ ಎತ್ತುತ್ತಿದ್ದ. ಅಷ್ಟಕ್ಕೇ ಅವಳ ವಾದ ಅರ್ಧದಲ್ಲೇ ಮರೆತುಹೋಗುತ್ತಿತ್ತು.

ಒಂದು ಮಧ್ಯಾಹ್ನ ಮಾತ್ರ ಅವಳು ಮರೆಯಲಿಲ್ಲ. "ಬಾಬೆಲಿನ ಸೆರೆಯಿಂದ ಯೆರೂಸಲೇಮಿಗೆ ವಾಪಸ್ ಬಂದ ಒಬ್ಬ ಹೆಂಗಸನ್ನ ನೆನೆಸ್ಕೊಳ್ಳಿ. ಮುರಿದ ಗೋಡೆ, ಬರಿದಾದ ಒಲೆ. ಪ್ರವಾದಿ ಅವಳಿಗೆ ಹಿಗ್ಗು ಅಂದ. ಆ ಮಾತು ಬರೀ ನಮಗಾಗಿ ಅಂತೀರಲ್ಲ, ಹಾಗಾದ್ರೆ ಅವಳಿಗೆ ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ," ಎಂದ ಹೊರಿಯೋನ್, ಮೆಲ್ಲನೆ. "ಅವಳಿಗೂ ಯಾರೋ ಒಬ್ಬ ನಾಯಕ ಬಂದಿರಬೇಕು. ಅವಳು ಹಿಗ್ಗಿರಬೇಕು. ಆದ್ರೆ ತನ್ನ ಹಿಗ್ಗು ಎಷ್ಟು ದೊಡ್ಡದು ಅಂತ ಅವಳಿಗೇ ಗೊತ್ತಿರಲಿಲ್ಲ. ಅದು ತುಂಬಿ ಬಂದಿದ್ದು ಕ್ರಿಸ್ತ ಬಂದಾಗ."

ಡೊಮ್ನಿನಾಳಿಗೆ ಮೈ ಜುಮ್ಮೆಂದಿತು. ಅಷ್ಟು ದಿನ ಅವನನ್ನು ಸೋಲಿಸಬೇಕೆಂದಿದ್ದವಳಿಗೆ ಅಂದು ಅವನ ಪಕ್ಕದಲ್ಲೇ ಕೂತಿರಬೇಕೆನಿಸಿತು.

ಮರುವಾರವೇ ಬಾದಾಮಿ ಗಿಡಗಳು ಹೂಬಿಟ್ಟವು, ಕಡಲು ಶಾಂತವಾಗಿ ಹಡಗುಗಳ ಓಡಾಟ ಶುರುವಾಯಿತು. ಒಂದು ಬೆಳಿಗ್ಗೆ ಅವನು ಪಾಠಕ್ಕೆ ಬರಲಿಲ್ಲ. ಅಲೆಕ್ಸಾಂಡ್ರಿಯದ ಹಡಗು ಹಿಡಿಯಲು, ಕಡಲಿಗೆ ಹೋಗುವ ದೋಣಿಗಾಗಿ ನದಿಗೆ ಹೋದನಂತೆ ಎಂದ ಒಬ್ಬ ಹುಡುಗ.

ಅವಳು ಓಡಿದಳು. ಸಂತೆ ದಾಟಿ, ಸೇತುವೆ ದಾಟಿ ಓಡಿದಳು. ಅವನು ದೋಣಿಯಲ್ಲಿ ಆಗಲೇ ಒಂದು ಕಾಲಿಟ್ಟಿದ್ದ.

"ಹೇಳದೆ ಕೇಳದೆ ಹೊರಟುಬಿಡೋದಾ?"

"ಬಟ್ಟೆ ವ್ಯಾಪಾರಿ ಮಗನ ಜೊತೆ ನಿಮ್ಮ ಮದುವೆ..."

"ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಮೊನ್ನೆ ಅವನೂ ನಾನೂ ನಿಮ್ಮನೆಗೆ ಊಟಕ್ಕೆ ಬಂದಾಗ ಅವನಿಗೆ ದೊಡ್ಡ ಒಣ ಅಂಜೂರ ಬಡಿಸಿದ್ರಿ, ನನಗೆ ಚಿಕ್ಕದು. ಅದರಲ್ಲೇ ಅರ್ಥ ಮಾಡ್ಕೊಂಡೆ."

"ಅಯ್ಯೋ ನನ್ನ ದೇವರೇ! ದೊಡ್ಡದರಲ್ಲಿ ಹುಳ ಇತ್ತು!"

ದೋಣಿಯವನು ಗಹಗಹಿಸಿ ನಕ್ಕ. ಹೊರಿಯೋನ್ ಅವಳತ್ತ ತಿರುಗಿದ. "ಹಾಗಾದ್ರೆ ನಾನು ಏನಂತ ತಿಳ್ಕೋಬೇಕು?"

"ಹೋಗಬೇಡ ಅಂತ ತಿಳ್ಕೊ." 'ನೀವು' ಎಲ್ಲಿ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ. "ಕೇಳಿಸ್ತಾ? ಹೋಗಬೇಡ. ಇದ್ದದ್ದು ಇದ್ದ ಹಾಗೆ ಅಷ್ಟೇ."

"ಅದರ ಹಿಂದೆ ಇನ್ನೊಂದು ಅರ್ಥ ಇಲ್ವಾ?" ಅವನ ಕಣ್ಣು ನಗುತ್ತಿತ್ತು.

"ಇದೆ. ಅದನ್ನ ಅಪ್ಪನ ಹತ್ರ ಕೇಳು. ಈಗಲೇ!"

ಅವನು ಗಂಟನ್ನು ದಡಕ್ಕೆಸೆದು ಅವಳ ಕೈ ಹಿಡಿದ. ಸಂತೆಯವರೆಲ್ಲ ನೋಡುತ್ತಿದ್ದಂತೆ ಇಬ್ಬರೂ ಓಡಿದರು.

ಮಾರಿನೋಸರು ಸುರುಳಿಯಿಂದ ತಲೆಯೆತ್ತಿದರು. "ಏನಪ್ಪಾ, ಯಾವ ವಚನದಲ್ಲಿ ಸಂದೇಹ?"

"ವಚನ ಅಲ್ಲ ಗುರುಗಳೇ. ನಿಮ್ಮ ಮಗಳನ್ನ ನನಗೆ ಕೊಡಿ ಅಂತ ಕೇಳೋಕೆ ಬಂದೆ."

ಅವನು ಒಂದು ಮಾತನ್ನು ಸುತ್ತಿ ಬಳಸದೆ ಹೇಳಿದ್ದು ಅದೇ ಮೊದಲು. ಮಾರಿನೋಸರು ಮಗಳತ್ತ ತಿರುಗಿದರು. "ನಿನಗೆ ಒಪ್ಪಿಗೆನಾ ಮಗಳೇ?"

ಡೊಮ್ನಿನಾ ಏದುಸಿರು ಬಿಡುತ್ತಾ ಧೂಳಾದ ತನ್ನ ಬರಿಗಾಲನ್ನು ತೋರಿಸಿದಳು. "ಕಾಣಲ್ವಾ ಅಪ್ಪಾ? ಒಂದು ಚಪ್ಪಲಿ ಸೇತುವೆ ಮೇಲೇ ಬಿಟ್ಟು ಬಂದಿದೀನಿ!"