ನಾಲ್ಕು ಮರದ ಬೆಣ್ಣೆಹಣ್ಣು

“ಕುರಿಯೋನೇ ಕದ್ದಿರೋದು. ಇದ್ರಾಗೆ ಪತ್ತೆ ಹಚ್ಚೋಕೆ ಏನೈತೆ, ಏಕನಾಥಮ್ಮಾರೆ?” ಎಂದ ಪಕ್ಕದ ಹೊಲದ ಕೆಂಚಣ್ಣ.

ಏಕನಾಥಮ್ಮ ಬದುವಿನ ಮೇಲೆ ಕೂತು ಮರಗಳತ್ತ ನೋಡಿದಳು. ಹೊಸದುರ್ಗದ ಸುತ್ತ ಮೂವತ್ತು ವರ್ಷ ಸೂಲಗಿತ್ತಿಯಾಗಿ ಓಡಾಡಿ, ಮನೆಮನೆಯ ನಿಜವನ್ನೂ ಸುಳ್ಳನ್ನೂ ಕೇಳಿದ ಹೆಂಗಸು. ಏನು ಕಳುವಾದರೂ ಜನ ಠಾಣೆಗಿಂತ ಮೊದಲು ಆಕೆಯ ಬಾಗಿಲು ತಟ್ಟುತ್ತಿದ್ದರು. ಜೊತೆಗೆ ಬಂದವನು ನಿವೃತ್ತ ಪೇದೆ ಕಾಟಪ್ಪ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಬ್ಬ ಕಳ್ಳನನ್ನೂ ಹಿಡಿಯದ ಅವನಿಗೆ, ಆಕೆಯ ಹಿಂದೆ ಕೊಡೆ ಹಿಡಿದು ನಡೆಯುವುದರಲ್ಲೇ ಹೆಚ್ಚು ಮರ್ಯಾದೆ ಕಂಡಿತ್ತು.

ಎದುರಿಗೆ ಐದು ಬೆಣ್ಣೆಹಣ್ಣಿನ ಮರ. ಹೊಲದೊಡತಿ ಉಚ್ಚಂಗಮ್ಮನ ಗಂಡ ಕೊಡಗಿನ ಎಸ್ಟೇಟಿನಿಂದ ಬೀಜ ತಂದು ನೆಟ್ಟು, ಫಲ ಕಾಣುವ ಮೊದಲೇ ತೀರಿಕೊಂಡಿದ್ದ. ಬಾವಿಯಿಲ್ಲ, ಯೂರಿಯಾ ಹಾಕಿಲ್ಲ. ಬದು ಕಟ್ಟಿ ನಿಲ್ಲಿಸಿದ ಮಳೆನೀರು, ಮೇಲಿನ ಬಯಲಲ್ಲಿ ಕುರಿಗಾರ ಜುಂಜಯ್ಯ ವರ್ಷಕ್ಕೊಮ್ಮೆ ಕುರಿಮಂದೆ ತರುಬಿ ಮಲಗಿಸಿದಾಗ ಬೀಳುವ ಗೊಬ್ಬರ, ಅಷ್ಟೇ. ಎಪ್ಪತ್ನಾಲ್ಕರ ಆ ಜೂನಿನಲ್ಲಿ ಮೊದಲ ಸಲ ಮರ ತುಂಬ ಕಾಯಿ ಹಿಡಿದಿತ್ತು. ಒಂದನ್ನೂ ಕೀಳುವ ಮೊದಲೇ, ಬೆಳಗಾಗುವುದರೊಳಗೆ ನಾಲ್ಕು ಮರ ಬೋಳಾಗಿದ್ದವು.

ಜುಂಜಯ್ಯ ಆಗಲೇ ಕತ್ತೆಯ ಮೇಲೆ ಮಂದೆ ಸುತ್ತ ಕಟ್ಟುವ ಬಲೆ, ಕಂಬಳಿ ಹೇರಿದ್ದ. “ಕಳ್ಳ ಅನ್ನಿಸ್ಕಂಡು ಹೋದ್ರೆ ಯಾವೂರಾಗೂ ನನ್ನ ಮಂದೆ ಸೇರಿಸಲ್ಲ ಕಣಕ್ಕ.”

ಉಚ್ಚಂಗಮ್ಮ ಸೆರಗು ಹಿಂಡುತ್ತಿದ್ದಳು. “ಇವ್ನು ಹೋದ್ರೆ ಮರನೂ ಹೋದಂಗೆ. ಆದ್ರೆ ಕೆಂಚಣ್ಣ ಕಣ್ಣಾರೆ ನೋಡಿದೀನಿ ಅಂತಾನೆ.”

“ನಿನ್ನೆ ಸಂಜೆ ಮರದಿಂದ ಕಿತ್ತು ಇಲ್ಲೇ ಕುಂತು ತಿಂತಿದ್ದ. ನಂಗೂ ಒಂದು ಕಿತ್ಕೊಟ್ಟ,” ಎಂದ ಕೆಂಚಣ್ಣ. “ಬಾಯಾಗಿಟ್ರೆ ಕರಗ್ತಿತ್ತು. ಬೆಲ್ಲ ಹಚ್ಕಂಡು ತಿಂದೆ.”

“ಸುಳ್ಳು,” ಎಂದ ಜುಂಜಯ್ಯ. ಇಷ್ಟು ಮೆಲ್ಲಗೆ ಹೇಳುವವನೇ ಕಳ್ಳನಿರಬೇಕು ಎಂದು ಕಾಟಪ್ಪನಿಗೆ ಅನ್ನಿಸಿತು.

“ಕಾಟಪ್ಪ, ಐದನೇ ಮರದ್ದು ಒಂದು ಕಿತ್ತು ಕಚ್ಚು,” ಎಂದಳು ಏಕನಾಥಮ್ಮ.

ಕಚ್ಚಿದವನ ದವಡೆ ಜುಂ ಎಂದಿತು. “ಕಲ್ಲು ಕಣಮ್ಮ. ಇರೋ ನಾಕು ಹಲ್ಲೂ ಹೋದಾವು.”

“ಇದನ್ನ ಹೆಂಗೆ ಹಣ್ಣು ಮಾಡ್ತೀಯ, ಉಚ್ಚಂಗಿ?”

“ಕಿತ್ತು ರಾಗಿಹುಲ್ಲಾಗೆ ಎಂಟು ದಿನ ಮುಚ್ಚಿಡಬೇಕಂತೆ. ನಮ್ಮೋರು ಹೇಳ್ತಿದ್ರು.”

ಕೆಂಚಣ್ಣ ನಡುವೆ ಬಾಯಿ ಹಾಕಿದ. “ಹೋಗ್ಲಿ ಬಿಡ್ರಿ, ಬಡವ. ನನ್ನ ಹೊಲದಾಗೆ ಮಂದೆ ತರುಬ್ಲಿ. ನಾನೇನು ಬ್ಯಾಡ ಅನ್ನಲ್ಲ.”

ಎಂಥ ದೊಡ್ಡ ಮನಸ್ಸು ಎಂದುಕೊಂಡ ಕಾಟಪ್ಪ. ಏಕನಾಥಮ್ಮ ಮಾತ್ರ ಎದ್ದು ಸೀರೆ ಕೊಡವಿಕೊಂಡಳು. “ಊರಿನ ನಾಕು ಜನನ ಕರಿ. ಕೆಂಚಣ್ಣನ ಹುಲ್ಲಿನ ಬಣವೆ ಹತ್ರ ಹೋಗಾಣ.”

ಜನ ಸೇರಿದರು. ಕೆಂಚಣ್ಣ ಬಣವೆಗೆ ಅಡ್ಡವಾಗಿ ನಿಂತ.

“ಮಾವು, ಸೀಬೆ ಮರದಾಗೇ ಹಣ್ಣಾಗ್ತವೆ,” ಎಂದಳು ಏಕನಾಥಮ್ಮ. “ಇದು ಹಂಗಲ್ಲ. ಮರದಾಗಿರೋವರ್ಗೂ ಕಲ್ಲೇ, ಕಿತ್ತು ವಾರ ಕಳೆದ್ಮೇಲೆ ಮೆತ್ತಗಾಗೋದು. ನಿನ್ನೆ ಮರದಿಂದ ಕಿತ್ತಿದ್ದು ಬಾಯಾಗೆ ಕರಗಿದ್ದು ಹೆಂಗೆ? ಹೋದ ವಾರನೇ ಕೆಂಚಣ್ಣ ಒಂದೆರಡು ಕದ್ದು ಹುಲ್ಲಾಗೆ ಬಚ್ಚಿಟ್ಟಿದ್ದ. ಅಲ್ಲಿ ಹಣ್ಣಾದ್ವು, ರುಚಿ ನೋಡ್ದ. ಮಾವಿನಂಗೆ ಮರದಾಗೂ ಹಣ್ಣಾಗ್ತವೆ ಅಂತ ತಿಳ್ಕಂಡು ಕತೆ ಕಟ್ದ.”

“ಕದಿಯೋ ದರ್ದು ಏನಿತ್ತಮ್ಮ?” ಎಂದ ಕಾಟಪ್ಪ.

“ಗೊಬ್ಬರ ಕಣಯ್ಯ. ಕಳ್ಳ ಅಂತ ಕೂಗಿದೋನೇ ಕಳ್ಳನ ಮಂದೀನ ತನ್ನ ಹೊಲಕ್ಕೆ ಕರೀತಾನಾ? ಯಾವೂರೂ ಸೇರಿಸದಿದ್ರೆ ಜುಂಜಯ್ಯ ಇವನ ಹೊಲಕ್ಕೇ ಬರಬೇಕಿತ್ತು.”

ಕಾಟಪ್ಪ ಬಣವೆಯೊಳಗೆ ಮೊಳಕೈವರೆಗೆ ಕೈ ಇಳಿಸಿದ. ಕಾಯಿ ತುಂಬಿದ ಮೊದಲ ಚೀಲ ಈಚೆ ಬಂತು, ಆಮೇಲೆ ಇನ್ನೆರಡು. ನೌಕರಿಯಲ್ಲಿ ಸಿಗದ ಸುಖ ಅವನ ಮೀಸೆಯಡಿ ಹರಡಿತು.

“ಮೂರು ವರ್ಸದಿಂದ ಕೇಳ್ತಿದ್ದೆ. ಒಂದಿನಾನೂ ತರುಬಲಿಲ್ಲ,” ಎಂದ ಕೆಂಚಣ್ಣ ನೆಲ ನೋಡುತ್ತ.

“ನಿನ್ನ ಹೊಲಕ್ಕೆ ಬದು ಐತೇನು?” ಎಂದ ಜುಂಜಯ್ಯ. “ ಒಂದು ಮಳೆಗೆ ಗೊಬ್ಬರ ಎಲ್ಲಾ ಹಳ್ಳ ಸೇರ್ತೈತೆ. ಬದು ಹಾಕು ಅಂದಿದ್ದೆ, ಕೇಳಿದ್ಯಾ?”

ಉಚ್ಚಂಗಮ್ಮ ಮುಂದೆ ಬಂದಳು. “ಜುಂಜಣ್ಣ, ನಿನ್ನ ಮೇಲೆ ಅನುಮಾನ ಪಟ್ಟೆ.”

“ಪಟ್ಟೆ, ಆತು ಬಿಡಕ್ಕ,” ಎಂದ ಅವನು.

ಅಷ್ಟರಲ್ಲಿ ಯಾರೂ ಅಟ್ಟದೆಯೇ ಮಂದೆ ಮೇಲಿನ ಬಯಲಿಗೆ ಹೊರಳಿತ್ತು. ಮುಂದಿದ್ದ ಕೊಂಬಿನ ಟಗರು ಒಮ್ಮೆ ನೆಲ ಮೂಸಿ, ಮುಂಗಾಲು ಮಡಿಚಿ ಮಲಗಿತು.